ಎಂಪಿಎಚ್ ಓದಿದ ಮಲೆನಾಡಿನ ಹುಡುಗಿಗೆ ಯಾವ ಕೆಲಸ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಈಗ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಂಪಿಎಚ್, ಕೊನೆಯ ವರ್ಷದಲ್ಲಿದ್ದೇನೆ. ಅಮ್ಮ ಆಶಾ ಕಾರ್ಯಕರ್ತೆ. ಅಪ್ಪನಿಗೆ ಅಡಿಕೆ ತೋಟ. ‘ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಇದನ್ನ ಓದಿ ಏನಾಗ್ತೀಯ?’ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಅಪ್ಪ ಈಗಲೂ ಬಿ.ಎಡ್. ಮಾಡು ಅಂತಾರೆ. ಡಾಕ್ಟರ್ ಅಲ್ಲದವರಿಗೆ ಈ ಪದವಿಯಿಂದ ನಿಜವಾಗಿ ಯಾವ ಕೆಲಸ ಸಿಗುತ್ತದೆ? ಊರಿನ ಹತ್ತಿರ ಇರಬಹುದಾ, ಬೆಂಗಳೂರಿಗೆ ಹೋಗಲೇಬೇಕಾ? ಡಿಸರ್ಟೇಶನ್‌ಗೆ ವಿಷಯ ಇನ್ನೂ ಆರಿಸಿಲ್ಲ. ಕೆಲಸಕ್ಕೆ ಅನುಕೂಲ ಆಗುವಂಥದ್ದು ಯಾವುದು?

ಉತ್ತರ: ನಾನೂ ಡಾಕ್ಟರ್ ಅಲ್ಲ. ನಿಮ್ಮ ಹಾಗೇ ಬಿ.ಎಸ್ಸಿ. ಮುಗಿಸಿ, ಎಂಪಿಎಚ್ ಮಾಡಿ, ಇದೇ ಶಿವಮೊಗ್ಗ ಜಿಲ್ಲೆಯಲ್ಲಿ ಜ್ವರದ ಲೆಕ್ಕ ಇಡುವ ಕೆಲಸಕ್ಕೆ ಸೇರಿದವನು. ‘ಏನಾಗ್ತೀಯ’ ಅನ್ನುವ ಪ್ರಶ್ನೆಯನ್ನು ನಮ್ಮ ಜಗುಲಿಯಲ್ಲೂ ಬಹಳ ವರ್ಷ ಕೇಳಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ಮನೆಯ ಕತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಜನವರಿ ತಿಂಗಳು. ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಹತ್ತಿರ ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಬಂತು. ಸುತ್ತಲಿನ ಮನೆಗಳಲ್ಲಿ ಯಾರಿಗೆ ಜ್ವರ ಇದೆ ಅಂತ ವಿಚಾರಿಸುವುದು ನಮ್ಮ ಕೆಲಸ. ಒಂದು ಮನೆಯಲ್ಲಿ ಹೆಂಗಸೊಬ್ಬರು ಕಂಬಳಿ ಹೊದ್ದು ಮಲಗಿದ್ದರು. ನನ್ನ ಕೈಯಲ್ಲಿ ಅಚ್ಚಾದ ಫಾರಂ ಇತ್ತು. ‘ಹೋದ 15 ದಿನದಲ್ಲಿ ಕಾಡಿಗೆ ಹೋಗಿದ್ದಿರಾ?’ ಅಂತ ಓದಿದೆ. ‘ಇಲ್ಲಪ್ಪ, ಕಾಡಿಗೆ ನಾವ್ಯಾಕೆ ಹೋಗ್ತೀವಿ’ ಅಂದರು. ನಾನು ‘ಇಲ್ಲ’ ಅಂತ ಗುರುತು ಹಾಕಿಕೊಂಡೆ. ಪಕ್ಕದಲ್ಲಿ ಕೂತಿದ್ದ ಆಶಾ ಅಕ್ಕ ಮೆಲ್ಲಗೆ ಕೇಳಿದರು: ‘ಕೊಟ್ಟಿಗೆಗೆ ದರಗು ಎಲ್ಲಿಂದ ತಂದೆ ಮಾರಾಯ್ತಿ?’

‘ಬೆಟ್ಟದಿಂದ.’ ದರಗು ಅಂದರೆ ಒಣಗಿದ ತರಗೆಲೆ.

ಅವರು ಸುಳ್ಳು ಹೇಳಿರಲಿಲ್ಲ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದ ಹಿಂದಿನ ಸೊಪ್ಪಿನ ಬೆಟ್ಟವನ್ನು ನಮ್ಮ ಜನ ಕಾಡು ಅನ್ನುವುದಿಲ್ಲ. ಅದು ಮನೆಗೇ ಸೇರಿದ ಜಾಗ. ಆದರೆ ಉಣುಗಿಗೆ, ಅಂದರೆ ರಕ್ತ ಹೀರುವ ಉಣ್ಣೆಗೆ, ಆ ವ್ಯತ್ಯಾಸ ಗೊತ್ತಿಲ್ಲ, ಅಲ್ವಾ? ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಅದರ ಮರಿಗಳು ತರಗೆಲೆಯ ಮೇಲೇ ಇರುತ್ತವೆ. ಮರುದಿನ ಫಾರಂ ತಿದ್ದಿದೆವು. ‘ಕಾಡಿಗೆ’ ಅನ್ನುವುದನ್ನು ಹೊಡೆದು, ‘ದರಗು, ಸೊಪ್ಪು, ಸೌದೆ ತರೋಕೆ, ದನ ಮೇಯಿಸೋಕೆ ಎಲ್ಲಿಗೆ ಹೋಗಿದ್ದಿರಿ’ ಅಂತ ಬರೆದೆವು. ಅದೇ ಮನೆಗಳಿಗೆ ಮತ್ತೆ ಹೋದಾಗ ಉತ್ತರಗಳೇ ಬೇರೆ ಬಂದವು.

ನಿಮ್ಮ ಪದವಿಯ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಕತೆಯನ್ನೇ ಹೇಳುತ್ತೇನೆ. ಡಾಕ್ಟರು ಮಲಗಿದವರ ಜ್ವರ ಇಳಿಸುತ್ತಾರೆ. ಇದೇ ಮನೆಗೆ, ಇದೇ ತಿಂಗಳು ಜ್ವರ ಯಾಕೆ ಬಂತು, ಪಕ್ಕದ ಕೇರಿಗೆ ಯಾಕೆ ಬರಲಿಲ್ಲ ಅಂತ ಹುಡುಕುವವರು ಬೇರೆ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಅದರ ಹಿಂದೆಯೇ ಜನ ಜ್ವರ ಬಂದು ಮಲಗಿದಾಗ ಮೊದಲು ಹಳದಿ ಜ್ವರ ಇರಬಹುದಾ ಅಂತ ಭಯಪಟ್ಟಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗ, ಉಣುಗು, ಜನರ ರಕ್ತ ಎಲ್ಲ ಪರೀಕ್ಷೆ ಮಾಡಿದ ಮೇಲೆ ಅದು ಹೊಸ ವೈರಸ್ ಅಂತ ಗೊತ್ತಾಯಿತು. ಅದೇ ಮಂಗನ ಕಾಯಿಲೆ. ಇವತ್ತಿಗೂ ಅದರ ಇನ್ನೊಂದು ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ನಿಮ್ಮ ಪಠ್ಯಪುಸ್ತಕದಲ್ಲಿ ಎರಡು ಸಾಲು ಇರಬಹುದು. ನಿಮ್ಮ ಊರಿಗೆ ಅದು ಪ್ರತಿ ಬೇಸಿಗೆಯ ಮಾತು.

ಈಗ ಕೆಲಸಕ್ಕೆ ಬರೋಣ. ಕಹಿ ಮೊದಲು ಹೇಳಿಬಿಡುತ್ತೇನೆ. ಕೆಲವು ಹುದ್ದೆಗಳು ನಿಮಗೆ ಸಿಗುವುದೇ ಇಲ್ಲ. ಜಿಲ್ಲಾ ಆರೋಗ್ಯಾಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಪಿಎಚ್‌ಸಿಯ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಇವೆಲ್ಲ ವೈದ್ಯರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಸರ್ವೇಕ್ಷಣಾ, ಅಂದರೆ ರೋಗಗಳ ಮೇಲೆ ಕಣ್ಣಿಡುವ, ವೈದ್ಯಾಧಿಕಾರಿ ಹುದ್ದೆಗೂ ಎಂಬಿಬಿಎಸ್ ಬೇಕು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಆಗಲು ನರ್ಸಿಂಗ್ ಓದಿರಬೇಕು. ಆರೋಗ್ಯ ನಿರೀಕ್ಷಕರಿಗೆ ಬೇರೆಯದೇ ಡಿಪ್ಲೊಮಾ ಇದೆ. ಕಾಲೇಜಿಗೆ ಸೇರುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಜೊತೆ ಓದಿದ ಇಬ್ಬರು ಎರಡು ವರ್ಷ ಇಂಥ ಹುದ್ದೆಗಳಿಗೇ ಅರ್ಜಿ ಹಾಕಿ ಸೋತು ಹೋದರು. ನೀವು ಆ ಎರಡು ವರ್ಷ ಉಳಿಸಿಕೊಳ್ಳಿ.

ಸಿಗುವ ಕೆಲಸಗಳಲ್ಲಿ ಊರಿಗೆ ಹತ್ತಿರದ್ದು ಜಿಲ್ಲಾ ಸರ್ವೇಕ್ಷಣಾ ಘಟಕ. 2004ರಲ್ಲಿ ಶುರುವಾದ ಐಡಿಎಸ್‌ಪಿ, ಅಂದರೆ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲೆಗೊಂದು ಇಂಥ ಘಟಕ ಇದೆ. ಎಪಿಡೆಮಿಯಾಲಜಿಸ್ಟ್ (ರೋಗ ಹರಡುವ ಬಗೆ ಹುಡುಕುವವರು), ಮೈಕ್ರೋಬಯಾಲಜಿಸ್ಟ್, ಡೇಟಾ ಮ್ಯಾನೇಜರ್ ಅಲ್ಲಿನ ಹುದ್ದೆಗಳು. ಎಪಿಡೆಮಿಯಾಲಜಿಸ್ಟ್ ಹುದ್ದೆಗೆ ಸಾಮಾನ್ಯವಾಗಿ ವೈದ್ಯರಿಗೆ ಮೊದಲ ಆದ್ಯತೆ. ಆದರೆ ಜೀವ ವಿಜ್ಞಾನದ ಜೊತೆ ಎಂಪಿಎಚ್ ಇದ್ದವರನ್ನು ಕರೆದ ಅಧಿಸೂಚನೆಗಳೂ ಇವೆ. ಪ್ರತಿ ಸಲ ಅರ್ಹತೆಯ ಕಾಲಂ ಪೂರ್ತಿ ಓದಿ. ಎಂ.ಎಸ್ಸಿ. ಕೇಳಿದ್ದಾರಾ, ಬಿ.ಎಸ್ಸಿ. ಸಾಕಾ ಅನ್ನುವುದು ಆ ಒಂದು ಸಾಲಿನಲ್ಲಿ ಇರುತ್ತದೆ. ಹಳ್ಳಿಯಲ್ಲಿ ಜ್ವರ, ವಾಂತಿಭೇದಿ ಹೆಚ್ಚಾದರೆ ಪಿಎಚ್‌ಸಿಯಿಂದ ಬರುವ ವರದಿಯನ್ನು ಮೊದಲು ನೋಡುವವರು ಈ ಘಟಕದವರು. ನನ್ನ ಮಟ್ಟಿಗೆ ಎಂಪಿಎಚ್ ಮುಗಿಸಿದವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇನ್ನೊಂದಿಲ್ಲ.

ಎನ್‌ಎಚ್‌ಎಂ, ಅಂದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಕಾರ್ಯಕ್ರಮ ವ್ಯವಸ್ಥಾಪಕರ ಹುದ್ದೆಗಳೂ ಇವೆ. ಹಣ ಬಂತಾ, ಖರ್ಚಾಯಿತಾ, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನ ಸೇರಿತಾ ಅಂತ ನೋಡುವ ಕೆಲಸ. ಇದನ್ನು ಬರೀ ಕಾಗದದ ಕೆಲಸ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಶಾ ಹಣ ತಡವಾದರೆ ಅಡುಗೆ ಮನೆಯಲ್ಲಿ ಏನಾಗುತ್ತದೆ ಅಂತ ನೀವು ಕಂಡಿದ್ದೀರಿ. ಆ ಕುರ್ಚಿಯಲ್ಲಿ ಅದು ಗೊತ್ತಿರುವವರು ಕೂರಬೇಕು.

ಕ್ಷಯ ಕಾರ್ಯಕ್ರಮದಲ್ಲಿ ಹಿರಿಯ ಚಿಕಿತ್ಸಾ ಮೇಲ್ವಿಚಾರಕರು ಅಂತ ಒಂದು ಹುದ್ದೆ ಇದೆ. ಎಸ್‌ಟಿಎಸ್ ಅಂತಾರೆ. ಅದಕ್ಕೆ ಪದವಿ, ಕಂಪ್ಯೂಟರ್ ಸರ್ಟಿಫಿಕೇಟ್ ಜೊತೆ ದ್ವಿಚಕ್ರ ವಾಹನದ ಲೈಸೆನ್ಸ್ ಕೂಡ ಕೇಳುತ್ತಾರೆ. ನಿಮ್ಮ ಹತ್ತಿರ ಲೈಸೆನ್ಸ್ ಇಲ್ಲದಿದ್ದರೆ ಈ ತಿಂಗಳೇ ಮಾಡಿಸಿ. ನಗಬೇಡಿ, ಒಳ್ಳೆಯ ಅಂಕ ಇದ್ದ ಹುಡುಗಿಯೊಬ್ಬಳಿಗೆ ಇದೊಂದೇ ಕಾರಣಕ್ಕೆ ಕೆಲಸ ತಪ್ಪಿದ್ದು ನೋಡಿದ್ದೇನೆ. ಎಂಪಿಎಚ್ ಓದಿ ಇಂಥ ಕೆಲಸಕ್ಕೆ ಹೋಗುವುದಾ ಅಂತ ಕೆಲವರು ಹಿಂಜರಿಯುತ್ತಾರೆ. ರೋಗಿ ಮಾತ್ರೆ ಯಾಕೆ ನಿಲ್ಲಿಸಿದ ಅನ್ನುವುದನ್ನು ಅವರ ಮನೆಯ ಮೆಟ್ಟಿಲ ಮೇಲೆ ಕೂತು ಕೇಳಿದವರು ಮುಂದೆ ಎಷ್ಟು ದೊಡ್ಡ ಹುದ್ದೆಗೆ ಹೋದರೂ ಅದನ್ನು ಮರೆಯುವುದಿಲ್ಲ.

ಇನ್ನೊಂದು ಹುದ್ದೆ ನಮ್ಮ ಕಡೆಯವರಿಗೆ ಬಹಳ ಕಷ್ಟದ್ದು. ತಂಬಾಕು ನಿಯಂತ್ರಣ ಘಟಕದ ಜಿಲ್ಲಾ ಸಲಹೆಗಾರರು. ಎಂಪಿಎಚ್, ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಓದಿದವರು ಇದಕ್ಕೆ ಅರ್ಜಿ ಹಾಕುತ್ತಾರೆ. 2003ರ ಕೋಟ್ಪಾ ಕಾಯ್ದೆ, ಶಾಲೆ ಸುತ್ತಲಿನ 100 ಗಜದಲ್ಲಿ ತಂಬಾಕು ಮಾರಬಾರದು ಅನ್ನುವ ನಿಯಮ, ಇವೆಲ್ಲ ಜಾರಿ ಮಾಡಿಸುವುದು. ತಂಬಾಕಿನ ಬಗ್ಗೆ ಮಾತಾಡಲು ಹೋದರೆ ಅಡಿಕೆಯ ಮಾತು ಬಂದೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ಫೀಸು ಕಟ್ಟಿದ್ದು ಅದೇ ಅಡಿಕೆ. ನನ್ನದೂ ಅಷ್ಟೇ. ಈ ಕೆಲಸಕ್ಕೆ ಬಂದರೆ ಎರಡನ್ನೂ ಮುಚ್ಚಿಡದೆ ಮಾತಾಡಲು ಬರಬೇಕು. ಬೆಳೆಗಾರರನ್ನು ಬೈಯುವವರ ಮಾತನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಅಡಿಕೆ ಅಗಿದು ಬಾಯಿ ಸರಿಯಾಗಿ ತೆರೆಯಲಾಗದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವ ಹುಡುಗರನ್ನು ಕಂಡಮೇಲೆ ಸುಮ್ಮನಿರಲೂ ಆಗುವುದಿಲ್ಲ.

ಈ ಸರ್ಕಾರಿ ಯೋಜನೆಗಳ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ನನ್ನ ಮೊದಲ ಗುತ್ತಿಗೆಯಲ್ಲಿ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಯೋಜನೆಯ ಹಣ ಬಂದಿಲ್ಲ ಅಂದರು. ಅಪ್ಪ ಅಡಿಕೆ ಮಂಡಿಯಿಂದ ಮುಂಗಡ ತಂದು ನನ್ನ ರೂಮಿನ ಬಾಡಿಗೆ ಕಟ್ಟಿದರು. ಆ ಮುಂಗಡದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಆಮೇಲಿಂದ ಯಾವ ಗುತ್ತಿಗೆಗೆ ಸಹಿ ಹಾಕುವ ಮೊದಲೂ ಕೆಲವು ವಿಷಯ ಕೇಳುವುದನ್ನು ಕಲಿತೆ. ಹಣ ಯಾವ ಬಾಬ್ತಿನಿಂದ ಬರುತ್ತದೆ? ಎಷ್ಟು ತಿಂಗಳಿಗೆ ಮಂಜೂರಾಗಿದೆ? ಓಡಾಟದ ಭತ್ಯೆ ಸಂಬಳದಲ್ಲೇ ಸೇರಿದೆಯಾ, ಬೇರೆಯಾ? ಬಿಡುವಾಗ ಅನುಭವ ಪತ್ರ ಯಾರು ಕೊಡುತ್ತಾರೆ? ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಹಿಂಜರಿಯಬೇಡಿ. ಒಳ್ಳೆಯ ಅಧಿಕಾರಿಗಳು ಬೇಜಾರು ಮಾಡಿಕೊಳ್ಳುವುದಿಲ್ಲ.

ಸ್ವಯಂಸೇವಾ ಸಂಸ್ಥೆಗಳ ಬಗ್ಗೆ. ಪಿಎಚ್‌ಸಿಗಳನ್ನೇ ನಡೆಸಿದ ಕರುಣಾ ಟ್ರಸ್ಟ್, ಹೆಗ್ಗಡದೇವನಕೋಟೆ ಕಡೆಯ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಎಚ್‌ಐವಿ ಮತ್ತು ಕ್ಷಯದ ಕೆಲಸ ಮಾಡಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಇವುಗಳ ಹೆಸರು ನಿಮಗೆ ಗೊತ್ತಿರಬಹುದು. ಇಲ್ಲಿ ಡಾಕ್ಟರ್ ಹೌದೋ ಅಲ್ಲವೋ ಅನ್ನುವುದಕ್ಕಿಂತ, ಹಳ್ಳಿಯಲ್ಲಿ ಕೂತು ಮಾತಾಡಲು ಬರುತ್ತದಾ, ರಾತ್ರಿ ಕೂತು ವರದಿ ಬರೆಯಲು ಬರುತ್ತದಾ ಅಂತ ನೋಡುತ್ತಾರೆ. ಎರಡೂ ಬರುವವರು ಕಡಿಮೆ.

ಸಂಶೋಧನೆಯ ದಾರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಿಮಗೆ ಅದು ಹೊಂದುತ್ತದೆ ಅನ್ನಿಸುತ್ತದೆ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆಗಳಲ್ಲಿ ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್, ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್ ಅಂತ ಹುದ್ದೆಗಳು ಬರುತ್ತವೆ. ಸೈಂಟಿಸ್ಟ್ ಹುದ್ದೆಯಲ್ಲಿ ‘ನಾನ್ ಮೆಡಿಕಲ್’ ಅಂತ ಬರೆದಿರುವುದನ್ನು ಹುಡುಕಿ, ಅದು ನಮ್ಮಂಥವರಿಗೆ. ಈ ಕೆಲಸಕ್ಕೆ ಎಷ್ಟು ತೂಕ ಇದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಮಂಗನ ಕಾಯಿಲೆಗೆ ವರ್ಷಗಟ್ಟಲೆ ಲಸಿಕೆ ಹಾಕುತ್ತಿದ್ದರು. ಅದು ಎಷ್ಟು ಕೆಲಸ ಮಾಡುತ್ತಿದೆ? ರಾಜ್ಯದ ಆರೋಗ್ಯ ಇಲಾಖೆಯವರೂ ಐಸಿಎಂಆರ್ ಸಂಸ್ಥೆಗಳವರೂ ಸೇರಿ 2005ರಿಂದ 2010ರವರೆಗಿನ ದಾಖಲೆ ತೆಗೆದು, ಲಸಿಕೆ ಪಡೆದವರಲ್ಲಿ ಎಷ್ಟು ಜನಕ್ಕೆ ಕಾಯಿಲೆ ಬಂತು, ಪಡೆಯದವರಲ್ಲಿ ಎಷ್ಟು ಅಂತ ಹೋಲಿಸಿದರು. ಎರಡು ಡೋಸ್‌ಗೆ ಸಿಕ್ಕ ರಕ್ಷಣೆ ಸುಮಾರು ಶೇ. 62. ಬೂಸ್ಟರ್ ಸೇರಿದರೆ ಸುಮಾರು ಶೇ. 83. ನೀವು ಮೊದಲ ವರ್ಷದಲ್ಲಿ ಕಲಿತ ಲೆಕ್ಕವೇ ಇದು. ದೊಡ್ಡ ಯಂತ್ರ ಬೇಕಾಗಲಿಲ್ಲ. ರಿಜಿಸ್ಟರ್‌ಗಳು ಬೇಕಾದವು, ಆ ರಿಜಿಸ್ಟರ್‌ಗಳನ್ನು ಬರೆದಿಟ್ಟ ನಿಮ್ಮ ಅಮ್ಮನಂಥವರು ಬೇಕಾದರು. ಆ ಹಳೆಯ ಲಸಿಕೆ ಈಗ ನಿಂತಿದೆ. ಹೊಸದರ ಕೆಲಸ ನಡೆಯುತ್ತಿದೆ. ಅದು ಬಂದಾಗ ಮನೆಮನೆಯ ಲೆಕ್ಕ ಇಡಲು ಮತ್ತೆ ಜನ ಬೇಕಾಗುತ್ತಾರೆ.

ಮಂಗನ ಕಾಯಿಲೆಯಲ್ಲಿ ಇನ್ನೊಂದು ವಿಶೇಷ ಇದೆ. ಮಂಗ ಸತ್ತ ಸುದ್ದಿ ಅರಣ್ಯ ಇಲಾಖೆಗೆ ಹೋಗುತ್ತದೆ, ಶವಪರೀಕ್ಷೆಗೆ ಪಶುವೈದ್ಯರು ಬರುತ್ತಾರೆ, ಜ್ವರದ ರಕ್ತ ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೆ ಹೋಗುತ್ತದೆ. ಈ ಮೂವರ ನಡುವೆ ಓಡಾಡಿ ಮಾಹಿತಿ ಸೇರಿಸುವವರು ಬೇಕು. ಇದನ್ನು ಈಗ ‘ಒನ್ ಹೆಲ್ತ್’ ಅಂತ ಕರೆಯುತ್ತಾರೆ. ಮನುಷ್ಯ, ಪ್ರಾಣಿ, ಕಾಡು ಮೂರನ್ನೂ ಒಟ್ಟಿಗೆ ನೋಡುವ ಯೋಜನೆಗಳಿಗೆ ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು ಸಿಕ್ಕರೆ ಕೈಬಿಡುವುದಿಲ್ಲ.

ಬೆಂಗಳೂರಿನ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಆರೋಗ್ಯ ವಿಮೆ ಕಂಪನಿ, ಆಸ್ಪತ್ರೆಗಳ ಗುಣಮಟ್ಟ ವಿಭಾಗ, ಔಷಧದ ಅಡ್ಡಪರಿಣಾಮ ದಾಖಲಿಸುವ ಕಂಪನಿಗಳು, ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗ. ಸಂಬಳ ಜಾಸ್ತಿ, ತಿಂಗಳಿಗೆ ಸರಿಯಾಗಿ ಬರುತ್ತದೆ. ಮನೆಯಲ್ಲಿ ಸಾಲ ಇದ್ದರೆ ಮೊದಲು ಅಲ್ಲಿಗೆ ಹೋಗಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಾಲ ಇಲ್ಲದಿದ್ದರೆ ಮೊದಲ ಎರಡು ವರ್ಷ ಹಳ್ಳಿಯ ಕೆಲಸಕ್ಕೇ ಕೊಡಿ ಅಂತ ನನ್ನ ಸಲಹೆ. ಹಳ್ಳಿಯಿಂದ ಕಂಪನಿಗೆ ಹೋಗುವುದು ಸುಲಭ. ತಿರುಗಿ ಬಂದವರನ್ನು ನಾನು ಕಂಡಿದ್ದು ಕಡಿಮೆ.

ಡಿಸರ್ಟೇಶನ್ ಬಗ್ಗೆ ಕೇಳಿದ್ದೀರಿ. ದಯವಿಟ್ಟು 100 ಕಾಲೇಜು ಹುಡುಗರಿಗೆ ಪ್ರಶ್ನೆಪತ್ರಿಕೆ ಹಂಚಿ ‘ಅರಿವು, ಮನೋಭಾವ, ನಡವಳಿಕೆ’ ಅಂತ ಮುಗಿಸಬೇಡಿ. ಸಂದರ್ಶನದಲ್ಲಿ ಅಂಥದ್ದನ್ನು ದಿನಕ್ಕೆ ಹತ್ತು ಜನರ ಬಾಯಲ್ಲಿ ಕೇಳುತ್ತೇವೆ. ನಿಮ್ಮ ಮನೆಯಿಂದ ಐದು ಕಿಲೋಮೀಟರ್ ಒಳಗೇ ಯಾರೂ ಸರಿಯಾಗಿ ಎಣಿಸದ ವಿಷಯಗಳಿವೆ.

ಅಡಿಕೆ ಮರದಿಂದ ಬೀಳುವವರನ್ನೇ ನೋಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ, ಆಮೇಲೆ ಅಡಿಕೆ ಗೊನೆ ತೆಗೆಯುವಾಗ. ಬಿದ್ದವರು ಬೆನ್ನುಮೂಳೆ ಮುರಿದುಕೊಂಡು ವರ್ಷಗಟ್ಟಲೆ ಮಲಗುತ್ತಾರೆ. ಒಂದು ಹೋಬಳಿಯಲ್ಲಿ ಐದು ವರ್ಷದಲ್ಲಿ ಎಷ್ಟು ಜನ ಬಿದ್ದರು, ಯಾವ ತಿಂಗಳು, ಯಾವ ಹೊತ್ತು, ಹಗ್ಗ ಕಟ್ಟಿದ್ದರಾ, ಯಾವ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಮುಟ್ಟಿದರು, ಈಗ ಆ ಮನೆ ಹೇಗೆ ನಡೆಯುತ್ತಿದೆ. ಇಷ್ಟು ಬರೆದರೆ ಅದೇ ಒಂದು ಒಳ್ಳೆಯ ಅಧ್ಯಯನ. ಹಾವು ಕಡಿತವೂ ಹಾಗೇ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಈಗ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ನಮ್ಮ ತೋಟದ ಗುಳಿಮಂಡಲಗಳಿಗೆ ಅದನ್ನು ಮಾಡಿದ್ದಲ್ಲ. ಕಡಿಸಿಕೊಂಡವರು ಮೊದಲು ಎಲ್ಲಿಗೆ ಹೋದರು, ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಅನ್ನುವ ಒಂದು ಪ್ರಶ್ನೆ ಸಾಕು. ಇಲ್ಲವಾದರೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಹಿಡಿದುಕೊಳ್ಳಿ. ಉಣುಗು ಹತ್ತದಿರಲಿ ಅಂತ ಕೊಡುವ ಆ ಬಾಟಲಿ ಎಷ್ಟೋ ಮನೆಗಳಲ್ಲಿ ಗೂಡಿನಲ್ಲೇ ಇರುತ್ತದೆ. ಯಾಕೆ ಹಚ್ಚುವುದಿಲ್ಲ? ವಾಸನೆಯಾ, ಜಿಡ್ಡಾ, ದರಗು ತರಲು ಹೋಗುವ ಬೆಳಗಿನ ಗಡಿಬಿಡಿಯಾ? ಇದನ್ನು ಕೇಳಿ ತಿಳಿಯಲು ನಿಮಗಿಂತ ತಕ್ಕವರು ಯಾರು?

ಕಂಪ್ಯೂಟರ್ ಕೌಶಲದಲ್ಲಿ ಎಕ್ಸೆಲ್ ಚೆನ್ನಾಗಿ ಬರಬೇಕು. ಆಮೇಲೆ ಆರ್, ಅಂದರೆ ಅಂಕಿಅಂಶದ ಲೆಕ್ಕ ಮಾಡುವ ತಂತ್ರಾಂಶ. ಅದರ ಜೊತೆ ನಕ್ಷೆಗೆ ಕ್ಯುಜಿಐಎಸ್, ಮೊಬೈಲಿನಲ್ಲಿ ಸಮೀಕ್ಷೆಗೆ ಕೋಬೊ ಟೂಲ್‌ಬಾಕ್ಸ್. ಆರ್, ಕ್ಯುಜಿಐಎಸ್‌ಗೆ ದುಡ್ಡು ಕೊಡಬೇಕಿಲ್ಲ, ಕೋಬೊದಲ್ಲೂ ವಿದ್ಯಾರ್ಥಿಯ ಅಧ್ಯಯನಕ್ಕೆ ಸಾಕಾಗುವಷ್ಟು ಉಚಿತವಾಗಿ ಸಿಗುತ್ತದೆ. ಅಭ್ಯಾಸಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ದತ್ತಾಂಶವನ್ನು ಕೇಳಿ ಪಡೆಯಬಹುದು. ಇನ್ನೊಂದು ಕೌಶಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನು ಹಿಡಿಯುತ್ತೇನೆ. ಒಪ್ಪಿಗೆ ಪತ್ರವನ್ನೂ ಪ್ರಶ್ನೆಪತ್ರಿಕೆಯನ್ನೂ ಜನ ಆಡುವ ಕನ್ನಡದಲ್ಲಿ ಬರೆಯುವುದು. ‘ಬೆಟ್ಟ’ ಎಲ್ಲಿ, ‘ಕಾಡು’ ಎಲ್ಲಿ ಅಂತ ಗೊತ್ತಿರುವ ಕನ್ನಡ. ಅರ್ಜಿಯ ಜೊತೆ ನೀವೇ ಬರೆದ ಇಂಥ ಒಂದು ಪ್ರಶ್ನೆಪತ್ರಿಕೆ ಇಟ್ಟು ಕಳಿಸಿ.

ಅಪ್ಪನ ಮಾತಿಗೆ ಬರುತ್ತೇನೆ. ಅವರು ಬಿ.ಎಡ್. ಅನ್ನುವುದು ನಿಮ್ಮ ಓದಿನ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಮಗಳಿಗೆ ಕಾಯಂ ಕೆಲಸ ಸಿಗಲಿ ಅಂತ. ಆ ಆಸೆ ನ್ಯಾಯವಾದದ್ದು, ವಾದ ಮಾಡಬೇಡಿ. ಮೂರು ವರ್ಷ ಸಮಯ ಕೇಳಿ. ಯಾವ ತಿಂಗಳು ಸಂಬಳ ಬಂತು, ಯಾವ ತಿಂಗಳು ಬರಲಿಲ್ಲ ಅನ್ನುವುದನ್ನು ಅವರಿಂದ ಮುಚ್ಚಿಡಬೇಡಿ. ಬಿ.ಎಡ್. ಮೂರು ವರ್ಷದ ನಂತರವೂ ಇರುತ್ತದೆ. ಸರ್ವೇಕ್ಷಣೆಯ ಮೊದಲ ಕೆಲಸಕ್ಕೆ ಮಾತ್ರ ಓದು ಮುಗಿದ ಕೂಡಲೇ ಹೋಗುವುದು ಒಳ್ಳೆಯದು, ಕಲಿತ ಲೆಕ್ಕ ಮರೆಯುವ ಮೊದಲು. ಮುಂದೆ ಪಿಎಚ್‌.ಡಿ. ಮಾಡುವ ಮನಸ್ಸಿದ್ದರೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ ಇವೆ. ಎರಡು ವರ್ಷ ಹಳ್ಳಿ ಸುತ್ತಿ ಹೋದರೆ ನಿಮ್ಮ ಪ್ರಶ್ನೆ ನಿಮ್ಮ ಜೊತೆಯಲ್ಲೇ ಇರುತ್ತದೆ.

ಈಗ ಮಾಡಬೇಕಾದ್ದು ಒಂದೇ. ಅಮ್ಮನಿಗೆ ಬಿಡುವಿರುವ ಸಂಜೆ ಪಕ್ಕದಲ್ಲಿ ಕೂತು, ಅವರ ಕೇರಿಗಳಲ್ಲಿ ಮರದಿಂದ ಬಿದ್ದವರು, ಹಾವು ಕಡಿಸಿಕೊಂಡವರು, ಬೇಸಿಗೆಯಲ್ಲಿ ಜ್ವರದಿಂದ ಮಲಗಿದವರು ಸುಮಾರು ಎಷ್ಟು ಅಂತ ಕೇಳಿ. ಸಂಖ್ಯೆ ಮಾತ್ರ ಕೇಳಿ. ಡೈರಿಯಿಂದ ಹೆಸರು, ಮನೆ ಯಾವುದನ್ನೂ ಬರೆದುಕೊಳ್ಳಬೇಡಿ, ಅದು ಆ ಜನ ಅಮ್ಮನನ್ನು ನಂಬಿ ಹೇಳಿದ್ದು. ಸಂಖ್ಯೆ ಸಾಕಷ್ಟಿದೆ ಅನ್ನಿಸಿದ ವಿಷಯವನ್ನು ಗೈಡ್ ಹತ್ತಿರ ಒಯ್ಯಿರಿ. ಕಾಲೇಜಿನ ನೈತಿಕ ಸಮಿತಿ ಪದೇಪದೇ ಸೇರುವುದಿಲ್ಲ, ಅನುಮತಿಗೆ ತಿಂಗಳುಗಳೇ ಹಿಡಿಯಬಹುದು. ಹಾಗಾಗಿ ಮುಂದಿನ ಸಭೆಯ ದಿನಾಂಕವನ್ನು ಈ ವಾರವೇ ಕೇಳಿಟ್ಟುಕೊಳ್ಳಿ.